ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ

ನನ್ನ ಸೋದರಮಾವ ನಮ್ಮ ನಿಮ್ಮಂತೆ ಹಾಡು ಕೇಳುವುದಿಲ್ಲ, ಪರಿಶೀಲಿಸುತ್ತಾರೆ! ತಪ್ಪು ಅವರದಲ್ಲ. ಅವರು ಗೆಜೆಟೆಡ್ ಅಧಿಕಾರಿಯಾಗಿದ್ದವರು. ಬೆಳಗಾದರೆ ಸಾಕು, ಹಲಸೂರಿನ ಅವರ ಮನೆ ಬಾಗಿಲಲ್ಲಿ ಅಂಕಪಟ್ಟಿಯ ಝೆರಾಕ್ಸ್ ಹಿಡಿದವರು ನಿಂತಿರುತ್ತಿದ್ದರು. ಮಾವ ಕನ್ನಡಕ ಏರಿಸಿ, "ಒರಿಜಿನಲ್ ತಂದಿದೀರಾ?" ಎಂದು ಕೇಳುತ್ತಿದ್ದರು. ತಂದಿದ್ದರೆ ಅಕ್ಷರಕ್ಕೆ ಅಕ್ಷರ ಹೋಲಿಸಿ, 'ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ' ಎಂಬ ಮೊಹರು ಒತ್ತಿ, ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ತರದಿದ್ದರೆ ಸ್ವಂತ ತಂಗಿಯ ಮಗನಾದರೂ ವಾಪಸ್. ಆ ತಂಗಿಯ ಮಗ ನಾನೇ.

ನಿವೃತ್ತಿಯ ದಿನ ಮೊಹರನ್ನು ಆಫೀಸಿಗೆ ಒಪ್ಪಿಸಿ ಬಂದರು. ಚಟವನ್ನು ಒಪ್ಪಿಸುವುದು ಮರೆತುಹೋಯಿತು. ಅಂಕಪಟ್ಟಿಗಳು ಸಿಗದ ಮೇಲೆ ಹಾಡುಗಳಿಗೆ ಕೈ ಹಾಕಿದರು. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಿದರೆ ಮುಗಿಯಿತು, ಮಾವ ಫೋನಿನಲ್ಲಿ ಮೂಲ ಹಾಡು ಹುಡುಕಿ ತಾಳೆ ನೋಡಲೇಬೇಕು.

ಕೆ.ಆರ್. ಪುರದಲ್ಲಿ ನಮ್ಮ ನೆಂಟರ ಆರತಕ್ಷತೆ. ಆರ್ಕೆಸ್ಟ್ರಾದವರು ಹಳೆಯ ಹಾಡೊಂದನ್ನು ಹಾಡುತ್ತಿದ್ದರು. ಗಂಡು ಹೆಣ್ಣಿಗೆ ಅಕ್ಷತೆ ಹಾಕಲು ಹೊರಟ ಮಾವ ದಾರಿ ಬದಲಿಸಿ ಗಾಯಕನ ಬಳಿ ಹೋದರು.

"ಎರಡನೇ ಚರಣಕ್ಕೆ ಮುಂಚೆ ಕೊಳಲು ಬರ್ಬೇಕಲ್ಲ, ಎಲ್ರೀ?"

"ಊಟಕ್ಕೆ ಹೋಗಿದಾರೆ ಸಾರ್."

ಮಾವನಿಗೆ ಈ ಉತ್ತರ ಸರಿಕಂಡಿತು. ಕಾರಣ ಸಕಾರಣವಾಗಿತ್ತು, ಹೊತ್ತೂ ಊಟದ್ದೇ ಆಗಿತ್ತು.

ಇನ್ನೊಮ್ಮೆ ನಾನೇ ಬುದ್ಧಿಗೆಟ್ಟು ಅವರನ್ನು ಇಂದಿರಾನಗರದ ಕೆಫೆಯೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಗಿಟಾರ್ ಹಿಡಿದ ತರುಣನೊಬ್ಬ, ಮಾವನ ಕಾಲೇಜು ದಿನಗಳ ಕುಣಿತದ ಹಾಡನ್ನು ಕಣ್ಣು ಮುಚ್ಚಿಕೊಂಡು, ಯಾರೋ ತೀರಿಕೊಂಡಿದ್ದಾರೇನೋ ಎಂಬಂತೆ ಹಾಡುತ್ತಿದ್ದ. ಹಾಡು ಮುಗಿಯುವಷ್ಟರಲ್ಲಿ ನಮ್ಮ ಕಾಫಿ ಆರಿತ್ತು.

"ಯಾಕಪ್ಪಾ ಇಷ್ಟು ನಿಧಾನ? ಹುಷಾರಿಲ್ವಾ?" ಎಂದರು ಮಾವ, ನಿಜವಾದ ಕಾಳಜಿಯಿಂದ.

"ಇದು ಅನ್‌ಪ್ಲಗ್ಡ್ ವರ್ಷನ್ ಅಂಕಲ್."

ಮಾವ ಗೋಡೆಯ ಕಡೆ ನೋಡಿದರು. "ಪ್ಲಗ್ ಹಾಕ್ಕೊಂಡೇ ಹಾಡಪ್ಪ. ಕರೆಂಟ್ ಇದೆಯಲ್ಲ!"

ಇಂಥವರಿಗೆ ಎಂಥ ಹೆಂಡತಿ ಸಿಗಬೇಕು ಹೇಳಿ? ನಮ್ಮತ್ತೆ ದಿನವಿಡೀ ಹಾಡುವವರು, ಅದೂ ಒಂದೇ ಹಾಡು, ಅದೂ ತಪ್ಪಾಗಿ! ಮೂಲದಲ್ಲಿ 'ಅಲೆಸುಳಿಯಲಿ ನಿನ್ನ ಕಂಡೆ' ಎಂದಿದೆ. ಹಲಸೂರನ್ನು ಬಾಯಿಮಾತಿನಲ್ಲಿ ಅಲಸೂರು ಅನ್ನುವುದು ಇಲ್ಲಿಯ ರೂಢಿ. ಅಲ್ಲೇ ಹುಟ್ಟಿ ಬೆಳೆದ ಅತ್ತೆಗೆ ರೇಡಿಯೊದಲ್ಲಿ ಕೇಳಿಸಿದ್ದು 'ಅಲಸೂರಲಿ ನಿನ್ನ ಕಂಡೆ'. ಮಾವ ಹೆಣ್ಣು ನೋಡಲು ಬಂದಾಗಲೂ ಅವರು ಅದನ್ನೇ ಹಾಡಿದರಂತೆ. "ಹುಡುಗಿ ಒಪ್ಗೇನಾ?" ಎಂದು ಹಿರಿಯರು ಕೇಳಿದರೆ ಮಾವ, "ಹುಡುಗಿ ಒಪ್ಗೆ. ಸಾಹಿತ್ಯ ತಿದ್ಬೇಕು" ಎಂದರಂತೆ.

ಅಂದು ಹಿಡಿದ ತಿದ್ದುಪಡಿ ಮುಗಿದೇ ಇರಲಿಲ್ಲ. ಅಡುಗೆಮನೆಯಿಂದ ಹಾಡು ಬರುತ್ತಲೇ ಮಾವ ಪೇಪರ್ ಮಡಚಿ ಕೂಗುತ್ತಿದ್ದರು: "ಅಲೆಸುಳಿ ಕಣೇ, ಅಲಸೂರಲ್ಲ!"

"ಸಿನಿಮಾದೋರು ಎಲ್ಲಾದ್ರೂ ಕಂಡ್ಕೊಳ್ಲಿ ರೀ. ನಾನು ಕಂಡಿದ್ದು ಅಲಸೂರಲ್ಲೇ" ಎಂದು ಅತ್ತೆ ಒಗ್ಗರಣೆ ಹಾಕುತ್ತಿದ್ದರು.

ಹೋದ ವರ್ಷ ಅತ್ತೆಗೆ ಥೈರಾಯ್ಡ್ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರೊಂದಿಗೆ ದನಿಯೂ ಹೋಯಿತು. "ಮೆಲ್ಲಗೆ ಮಾತಾಡೋಕೆ ಪ್ರಯತ್ನಪಡ್ಲಿ. ದನಿ ಬರಬಹುದು, ಮೊದಲಿನ ಹಾಗೆ ಬರದೇನೂ ಇರಬಹುದು" ಎಂದರು ಡಾಕ್ಟರು. ಅತ್ತೆ ಪ್ರಯತ್ನವನ್ನೇ ಪಡಲಿಲ್ಲ. ಬಾಯಿ ತೆರೆದರೆ ಎಂಥ ದನಿ ಬರುತ್ತದೋ ಎಂಬ ಭಯ. ಎಲ್ಲವೂ ಕೈಸನ್ನೆಯಲ್ಲೇ ನಡೆಯತೊಡಗಿತು. ಕೇಳಿಯಾದರೂ ಗುನುಗಿಯಾಳು ಎಂದು ಮಾವ ದಿನಾ ಬೆಳಿಗ್ಗೆ ಫೋನಿನಲ್ಲಿ ಆ ಮೂಲ ಹಾಡನ್ನು ಜೋರಾಗಿ ಹಾಕುತ್ತಿದ್ದರು. ಅತ್ತೆ ತಲೆ ಎತ್ತುತ್ತಿರಲಿಲ್ಲ. ಆ ಮನೆಗೆ ಹೋಗಲು ನನಗೆ ಕಷ್ಟವಾಗುತ್ತಿತ್ತು.

ಒಂದು ಭಾನುವಾರ ಹೋದಾಗ ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಫೋನು ಹಾಡುತ್ತಿತ್ತು. 'ಅಲೆಸುಳಿಯಲಿ' ಎಂದು ಬಂದದ್ದೇ ತಡ, ಮಾವ ಪಟ್ಟನೆ ನಿಲ್ಲಿಸಿಬಿಟ್ಟರು.

"ಯಾಕ್ ಮಾವ?"

"ತಪ್ಪು ಹಾಡ್ತಿದಾನೆ ಕಣೋ."

ಹಾಗೆಂದವರೇ ಗಂಟಲು ಸರಿಮಾಡಿಕೊಂಡು ತಾವೇ ಶುರುಮಾಡಿದರು. ಮಾವ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೇಳಿದ ಮೇಲೆ ಕಾರಣ ತಿಳಿಯಿತು. ಶ್ರುತಿ ಒಂದು ಕಡೆ, ತಾಳ ಒಂದು ಕಡೆ. ಆದರೆ ಸಾಹಿತ್ಯ ಸ್ಪಷ್ಟವಾಗಿತ್ತು: "ಅಲಸೂರಲಿ ನಿನ್ನ ಕಂಡೆ..."

ಅತ್ತೆಯ ಕೈ ನಿಂತಿತು. ಅವರು ಮಾವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತುಟಿ ಅಲುಗಿತು. ಆಮೇಲೆ ಒಡಕಲಾದ, ಗಾಳಿ ಬೆರೆತ, ಯಾರದೋ ಎನ್ನಿಸುವ ದನಿಯೊಂದು ಹೊರಬಂತು.

"ಒರಿಜಿನಲ್... ತಂದಿದೀರಾ?"

ಮಾವ ಕನ್ನಡಕ ತೆಗೆದರು. ಸಿಪ್ಪೆಯ ರಾಶಿಯ ಪಕ್ಕ ನೆಲದ ಮೇಲೇ ಕೂತು, ಅವರೆಯ ಸೊಗಡು ಮೆತ್ತಿದ ಅತ್ತೆಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಇದೆ ಕಣೇ," ಎಂದರು. "ಇಲ್ಲೇ ಇದೆ."