ಮಗ್ಗದ ಮನೆಗೆ ಏರ್ಕಾಡಿನ ಗಾಳಿ

ಸೇಲಂ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದವನು ನಾನು. ಎಂತೆಂಥ ಡ್ರೈವರುಗಳು ನನ್ನ ಒಂದು ಸೀಟಿಯ ಸದ್ದಿಗೆ ಅರ್ಧ ಟೀ ಬಿಟ್ಟು ಓಡಿ ಬಂದಿದ್ದಾರೆ. ಅಂಥವನಿಗೆ ಒಂದು ಬಾಡಿಗೆ ಮನೆಗೆ ಬಿಸಿನೀರಿನ ಯಂತ್ರ ಆರಿಸುವುದು ಯಾವ ಮಹಾ ಕೆಲಸ! ಹೀಗೆ ಅಂದುಕೊಂಡೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಮನೆ ಇರುವುದು ಎಡಪ್ಪಾಡಿ ಹತ್ತಿರದ ಒಂದು ಕನ್ನಡ ಮಾತಿನ ಹಳ್ಳಿಯಲ್ಲಿ. ನಮ್ಮಜ್ಜಿ ಬಿಟ್ಟುಹೋದದ್ದು. ಮಣ್ಣಿನ ಗೋಡೆ, ನಾಡಹೆಂಚು, ನಡುಮನೆಯಲ್ಲಿ ಒಂದು ಗುಂಡಿ. ಗಾಬರಿಯಾಗಬೇಡಿ, ಅದು ಮಗ್ಗದ ಗುಂಡಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ನಡುಮನೆಯಲ್ಲಿ ಗುಂಡಿ ಇರುವ ಮನೆಗೆ ಬಾಡಿಗೆಗೆ ಯಾರು ಬರುತ್ತಾರೆ ಹೇಳಿ? ಒಬ್ಬ ಮೇಷ್ಟ್ರು ನೋಡಲು ಬಂದು, ಗುಂಡಿಯೊಳಗೆ ಇಣುಕಿ, ಬಂದ ದಾರಿಯಲ್ಲೇ ಹೋದರು. ಎರಡು ವರ್ಷ ಬೀಗ ಹಾಕಿದ್ದ ಮನೆಗೆ ಕೊನೆಗೆ ದೇವರು ಕೊಟ್ಟ ಹಾಗೆ ಬಂದವರು ರುಕ್ಕಕ್ಕ. ಒಂಟಿ ಹೆಂಗಸು. ಹತ್ತಿ ಸೀರೆ ನೇಯುವುದರಲ್ಲಿ ಆ ಬೀದಿಗೇ ಮೊದಲು.

ಆ ರುಕ್ಕಕ್ಕ ಒಂದು ದಿನ ಫೋನ್ ಮಾಡಿದರು.

“ಅಣ್ಣ, ಗುಂಡೀಲಿ ಕುಂತು ಕುಂತು ಮೊಣಕಾಲು ಇಡ್ಕೊಂಡ್ಬುಟ್ಟೈತೆ. ಬೆಳಿಗ್ಗೆ ಬಿಸಿನೀರು ಉಯ್ಕೊಳ್ದಿದ್ರೆ ಏಳಕ್ಕೇ ಆಗಲ್ಲ. ಸೌದೆ ಒಲೆ ಮುಂದೆ ಕುಂತ್ರೆ ಕಣ್ಣೆಲ್ಲಾ ಒಗೆ. ಏನಾನ ವ್ಯವಸ್ಥೆ ಮಾಡಿ. ಇಲ್ಲಾಂದ್ರೆ ಸಂಕ್ರಾಂತಿ ಆದ್ಮೇಲೆ ತೈ ತಿಂಗಳಿಗೆ ಎಡಪ್ಪಾಡಿಗೇ ಓಯ್ತೀನಿ, ಅಲ್ಲೊಂದು ಮನೆ ಐತಂತೆ.”

ಇವರು ಹೋದರೆ ಮತ್ತೆ ಬೀಗ, ಮತ್ತೆ ಹಲ್ಲಿ, ಮತ್ತೆ ಇಣುಕಿ ಹೋಗುವ ಮೇಷ್ಟ್ರು! ಕೂಡಲೇ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ‘ಸದರಿ ಮನೆಗೆ ಬಿಸಿನೀರು ಒದಗಿಸುವ ಬಗ್ಗೆ’ ಎಂದು ತಲೆಬರಹ ಬರೆದೆ.

ಮೊದಲಿಗೆ ಗೀಸರ್. ಆ ಮನೆಯ ವೈರಿಂಗ್ ನಮ್ಮಪ್ಪನ ಕಾಲದ್ದು. ಮಿಕ್ಸಿ ಹಾಕಿದರೆ ಬಲ್ಬು ಕಣ್ಣು ಮುಚ್ಚುತ್ತದೆ. ಗೀಸರ್ ಹಾಕಿದರೆ ಬೀದಿಯೇ ಕಣ್ಣು ಮುಚ್ಚೀತು. ಆಮೇಲೆ ಸೋಲಾರ್. ಅದರವನು ಏಣಿ ಹತ್ತಿ ಹೆಂಚಿನ ಮೇಲೆ ಒಂದು ಕಾಲಿಟ್ಟ. ಕಾಲು ಅಡುಗೆಮನೆಯೊಳಗೆ ಕಾಣಿಸಿತು. ಅವನು ಕಾಲು ಕಿತ್ತುಕೊಂಡು ಇಳಿದು ಹೋದ. ಉಳಿದದ್ದು ಹೀಟ್ ಪಂಪ್. ಸೇಲಂ ಅಂಗಡಿಯವನು ವಿವರಿಸಿದ: “ಸಾರ್, ಇದು ಕಾತ್ತುಲೇರುಂದು ಸೂಡು ಎಡುಕ್ಕುಂ.” ಅಂದರೆ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ, ಕರೆಂಟು ಕಡಿಮೆ ಸಾಕು. ನಮ್ಮ ಸೀಮೆಯ ಗಾಳಿಯಲ್ಲಿ ಬಿಸಿಗೇನು ಬರ! ಬಿಸಿ ಕಳೆದುಕೊಂಡ ಗಾಳಿ ತಣ್ಣಗೆ ಹೊರಗೆ ಬರುತ್ತದೆ ಎಂದೂ ಹೇಳಿದ.

ಆ ಕೊನೆಯ ಮಾತೇ ನನ್ನ ತಲೆ ಕೆಡಿಸಿದ್ದು.

ಯಂತ್ರ ಕೂರಿಸಲು ಬಂದವನು ಹಿತ್ತಲ ಗೋಡೆ ತೋರಿಸಿದ. “ವೆಳಿಯಿಲ ವೈಂಗ ಸಾರ್.” ಹೊರಗಿಡಬೇಕಂತೆ! ಅಷ್ಟು ತಂಪು ಗಾಳಿಯನ್ನು ಹಿತ್ತಲ ಬಾಳೆಗಿಡಕ್ಕೆ ದಾನ ಮಾಡಲು ನನಗೇನು ಹುಚ್ಚೇ? ಒಳಗೆ ಬೆವರು ಸುರಿಸಿ ನೇಯುವ ಹೆಂಗಸಿಲ್ಲವೇ? ಯಂತ್ರವನ್ನು ನಡುಮನೆಯಲ್ಲೇ, ಮಗ್ಗದ ಪಕ್ಕದಲ್ಲೇ ಕೂರಿಸಲು ಆದೇಶ ಹೊರಡಿಸಿದೆ. ರುಕ್ಕಕ್ಕ ತಂಗಿ ಮನೆಗೆಂದು ಮೇಟೂರಿಗೆ ಹೋಗಿದ್ದರು. ಬಂದು ನೋಡಿ ಬೆರಗಾಗಲಿ ಎಂದು ಅವರಿಗೆ ಹೇಳಲೂ ಇಲ್ಲ.

ಬೆರಗಾದರು!

“ಇದೇನಣ್ಣ, ಒಳಗೆ ಏರ್ಕಾಡು ಬೆಟ್ಟದ ತಂಪೇ ತಂದಿಕ್ಕಿದ್ದೀರಾ! ನೀರು ಕುದಿ ಕುದಿ ಅಂತೈತೆ. ನೂರು ವರ್ಷ ಬಾಳಿ!”

ಫೋನ್ ಇಟ್ಟು ಹೆಂಡತಿ ಸರೋಜಾಳ ಕಡೆ ನೋಡಿದೆ. “ಕೇಳಿದೆಯಾ?”

“ಕೇಳ್ತು. ನಾಳೆ ಏನ್ ಅಂತಾರೋ ಅದ್ನೂ ಕೇಳಣ,” ಎಂದಳು. ನನ್ನ ಜೊತೆ ಬಾಳಿ ಪಳಗಿದವಳು.

ಮರುದಿನವೇ ಫೋನ್ ಬಂತು. “ಅಣ್ಣ, ಅದ್ಯಾಕೋ ಎಳೆ ಕಿತ್ತೋಯ್ತಾವೆ.”

“ನೂಲು ಸರಿಯಿಲ್ಲ,” ಎಂದೆ, ಒಂದು ಕ್ಷಣವೂ ಯೋಚಿಸದೆ. ಅಷ್ಟಕ್ಕೇ ಬಿಡಲಿಲ್ಲ. ನೂಲು ಕೊಡುವ ಯಜಮಾನರಿಗೆ ‘ತಾವು ಒದಗಿಸಿರುವ ನೂಲಿನ ಗುಣಮಟ್ಟ ತೀರಾ ಶೋಚನೀಯವಾಗಿದ್ದು’ ಎಂದು ಮೂರು ಪುಟದ ಕಾಗದ ಬರೆದೆ. ಅದೇ ನೂಲು ಕೊಂಡ ಬೀದಿಯ ಮಿಕ್ಕವರೆಲ್ಲ ಆರಾಮಾಗಿ ನೇಯುತ್ತಿದ್ದಾರೆ ಎಂದು ಅವರು ಉತ್ತರ ಕೊಟ್ಟರು. ಹಾಗಾದರೆ ರುಕ್ಕಕ್ಕನ ಕೈಯದೇ ತಪ್ಪು! “ಸ್ವಲ್ಪ ಮೆಲ್ಲಗೆ ಬಡೀರಿ,” ಎಂದು ಸಲಹೆ ಕೊಟ್ಟೆ. ಹತ್ತು ವಯಸ್ಸಿನಿಂದ ನೇಯುತ್ತಿರುವವರಿಗೆ, ಜನ್ಮದಲ್ಲಿ ಲಾಳಿ ಮುಟ್ಟದ ನಾನು! ಅವರು ಫೋನ್ ಇಟ್ಟುಬಿಟ್ಟರು. ಎಳೆ ಕಿತ್ತುಹೋಗುವುದು ನಿಲ್ಲದಾಗ ಮೂರನೆಯ ಸಲಹೆಯೂ ಹೊರಬಿತ್ತು: ಹೊರಗಿನ ಬಿಸಿಗಾಳಿ ನುಗ್ಗುತ್ತಿರಬೇಕು, ಬಾಗಿಲು ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿ!

ಮುಚ್ಚಿದರು. ಮರುದಿನ ಫೋನ್ ಮಾಡಿದ ರುಕ್ಕಕ್ಕ ಜೋರಾಗಿ ಮಾತಾಡಲೇ ಇಲ್ಲ. ಅದೇ ನನಗೆ ಹೆದರಿಕೆಯಾದದ್ದು.

“ಅಣ್ಣ, ಒಂದ್ ಸೀರೆ ಪಾವು, ಉದ್ದುದ್ದ ಎಳೆಯೆಲ್ಲಾ, ಪೂರಾ ಆಳಾಯ್ತು. ಪಾತ್ರೆ ಪಡಗ ಕಟ್ಟಿಕ್ಕಿವ್ನಿ. ಬಿಸಿನೀರು ಇಲ್ದಿದ್ರೆ ಮೊಣಕಾಲು ನೋಯ್ತದೆ, ಅಷ್ಟೇಯ. ಎಳೆ ನಿಲ್ದಿದ್ರೆ ನಾನು ಉಣ್ಣೋದೇನು?”

ಮುಂದಿನ ಬಸ್ಸಿಗೇ ನಾನೂ ಸರೋಜಾಳೂ ಹೊರಟೆವು. ಒಳಗೆ ಕಾಲಿಟ್ಟರೆ ನಿಜವಾಗಿ ಏರ್ಕಾಡು. ಮಗ್ಗದ ಮೇಲೆ ಹಾಸಿನ ಎಳೆಗಳು ತುಂಡು ತುಂಡಾಗಿ ಜೋತುಬಿದ್ದಿದ್ದವು. ಬಾಗಿಲ ಬಳಿ ಗಂಟುಮೂಟೆ. ಸರೋಜಾ ಅದನ್ನೆಲ್ಲ ಬಿಟ್ಟು ಯಂತ್ರದ ಕೆಳಗಿದ್ದ ಬಕೆಟ್ ನೋಡಿದಳು. ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕಿ ಬಕೆಟ್ ತುಂಬಿತ್ತು.

“ಈ ನೀರು ಎಲ್ಲಿಂದು?”

“ಅದೇ ವಿಜ್ಞಾನ ಕಣೇ!” ಎಂದೆ ಹೆಮ್ಮೆಯಿಂದ. “ಗಾಳಿಯಲ್ಲಿರುವ ತೇವವನ್ನೆಲ್ಲ ಯಂತ್ರ ಹಿಂಡಿ ತೆಗೆಯುತ್ತದೆ!”

ರುಕ್ಕಕ್ಕ ನನ್ನನ್ನು ನೋಡಿದರು. ಸರೋಜಾ ನನ್ನನ್ನು ನೋಡಿದಳು. ನಾನು ಬಕೆಟ್ ನೋಡಿದೆ.

“ತೇವ ಎಲ್ಲಾ ಬಕೀಟಲ್ಲಿ ಐತೆ,” ಎಂದಳು ಸರೋಜಾ ನಿಧಾನವಾಗಿ. “ಅತ್ತಿ ನೂಲು ಒಣಗಿದ್ರೆ ಕಿತ್ತೋಗಲ್ವಾ? ನಿಮ್ಮಜ್ಜಿ ಗುಂಡಿ ತೋಡ್ಸಿದ್ದು ಯಾತಕ್ಕೆ ಅಂದ್ಕೊಂಡಿದ್ರಿ? ಎಲೆಅಡಿಕೆ ಉಗಿಯಕ್ಕಾ?”

ಅಯ್ಯೋ ನನ್ನ ಬುದ್ಧಿಗಿಷ್ಟು! ಅಜ್ಜಿ ದಿನಾ ಬೆಳಿಗ್ಗೆ ಮಗ್ಗದ ಸುತ್ತ ನೆಲಕ್ಕೆ ನೀರು ಚಿಮುಕಿಸಿಯೇ ಗುಂಡಿಗೆ ಇಳಿಯುತ್ತಿದ್ದಳು. ಮಣ್ಣಿನ ತೇವಕ್ಕೆ ಎಳೆ ಗಟ್ಟಿ ನಿಲ್ಲುತ್ತದೆ ಎಂದು ನಮ್ಮ ಬೀದಿಯ ಐದು ವರ್ಷದ ಮಗುವಿಗೂ ಗೊತ್ತು. ಏಳು ತಲೆಮಾರು ನೇಯ್ದ ಮನೆತನದಲ್ಲಿ ಹುಟ್ಟಿದ ನಾನು ಹುಡುಕಿ, ಆರಿಸಿ, ಹೊತ್ತು ತಂದು ಅದೇ ತೇವವನ್ನು ಬಕೆಟ್ಟಿಗೆ ಹಿಂಡಿದ್ದೆ.

“ತಪ್ಪಾಯ್ತು ರುಕ್ಕಕ್ಕ. ಹೋಗಬೇಡಿ,” ಎಂದೆ. ಅಷ್ಟು ಸಣ್ಣ ವಾಕ್ಯ ನಾನು ಜೀವಮಾನದಲ್ಲಿ ಆಡಿರಲಿಲ್ಲ.

ಅವರು ಕೂಡಲೇ ಒಪ್ಪಲಿಲ್ಲ. ಯಂತ್ರ ಅದೇ ದಿನ ಹಿತ್ತಲ ಗೋಡೆಗೆ ಹೋಯಿತು. ಕಿತ್ತ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕಿತ್ತು. ಅದಕ್ಕೆ ಇನ್ನೊಂದು ಜೊತೆ ಕೈ ಬೇಕಿತ್ತು. ಮೂರು ದಿನ ನಾನು ಗುಂಡಿಯಲ್ಲಿ ಕೂತು ಗಂಟು ಹಾಕಿದೆ. ನಾನು ಹಾಕಿದ್ದನ್ನು ರುಕ್ಕಕ್ಕ ಬಿಚ್ಚಿ ಮತ್ತೆ ಹಾಕುತ್ತಿದ್ದರು. ಬೀದಿಯ ಹೆಂಗಸರು ಸಾಲಾಗಿ ಬಂದು ನೋಡಿ ಹೋದರು. ಮೂರನೆಯ ದಿನ ಸಾಯಂಕಾಲ ಮೊಣಕಾಲು ಹಿಡಿದು ನಾನು ಏಳಲಾರದೆ ಒದ್ದಾಡುವಾಗ, ಇಬ್ಬರು ಹೆಂಗಸರು ಸೇರಿ ನನ್ನನ್ನು ಎತ್ತಿದರು.

ಆಗ ರುಕ್ಕಕ್ಕ ಮೊದಲ ಸಲ ನಕ್ಕರು. “ಓಗ್ಲಿ ಬುಡಣ್ಣ, ಇರ್ತೀನಿ. ಆದ್ರೆ ಇನ್ಮೇಲೆ ಈ ಮನೇಲಿ ಒಂದ್ ಮೊಳೆ ಒಡಿಬೇಕಾದ್ರೂ ನನ್ ಕೇಳೇ ಒಡೀಬೇಕು.”

ಒಪ್ಪಿಕೊಂಡೆ. ಬಾಡಿಗೆದಾರರ ಅಪ್ಪಣೆಯಿಲ್ಲದೆ ಮೊಳೆ ಹೊಡೆಯಲಾಗದ ಮನೆ ಮಾಲೀಕ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಯಂತ್ರ ಹಿತ್ತಲಲ್ಲಿ ಸೊಗಸಾಗಿ ಓಡುತ್ತಿದೆ. ಈಗ ಬೀದಿಯ ನಾಲ್ಕಾರು ಮನೆಗಳಿಗೆ ಅದೇ ಯಂತ್ರ ಬಂದಿದೆ, ಪ್ರತಿ ಸಲವೂ ನನಗೆ ಕರೆ ಬರುತ್ತದೆ. ಕಾಫಿ ಕೊಟ್ಟು, ಕುರ್ಚಿ ಹಾಕಿ, “ಮಾವ, ನೀವಾದ್ರೆ ಎಲ್ಲಿಕ್ತಿದ್ರಿ?” ಎಂದು ವಿನಯದಿಂದ ಕೇಳುತ್ತಾರೆ. ನಾನು ಗಂಭೀರವಾಗಿ ಮನೆಯನ್ನೆಲ್ಲ ಸುತ್ತಿ, ಬಹಳ ಯೋಚಿಸಿ, ಒಂದು ಜಾಗ ತೋರಿಸುತ್ತೇನೆ.

ಅದೊಂದು ಜಾಗ ಬಿಟ್ಟು ಬೇರೆ ಎಲ್ಲಾದರೂ ಇಡುತ್ತಾರೆ.