ಹದಿನೇಳನೇ ಕಾರ್ಡಿನ ಆಟಕ್ಕೆ ಅಪ್ಪನ ಮರುಪ್ರವೇಶ

ದಿನಾಂಕ: 16-11-2006

ಇಂದ,
ಗೋಪೀನಾಥ,
ಸಾಫ್ಟ್‌ವೇರ್ ಟೆಸ್ಟರ್ (ಆಫೀಸು: ಕಿಸ್ಟಾ), ತಂದೆ (ಮನೆ: ಹುಸ್ಬಿ), ಸ್ವೀಡನ್,
ಹಾಲಿ ವಾಸ: ಮನೆಯ ಸೋಫಾ.

ಗೆ,
ಕುಮಾರಿ ಪಾವನಾ, ಮೂರನೇ ತರಗತಿ,
ಚಿತ್ರದಾಟದ ಡಬ್ಬಿಯ ಮೇಲ್ವಿಚಾರಕರು,
ಊಟದ ಮೇಜು, ಅದೇ ಮನೆ.

ಮೂಲಕ: ಶ್ರೀಮತಿ ಕುಮುದಾ, ತಮ್ಮ ತಾಯಿ. (ಮೇಲ್ವಿಚಾರಕರಿಗೆ ಕನ್ನಡ ಓದಲು ಬಾರದ ಕಾರಣ ಇವರು ಗಟ್ಟಿಯಾಗಿ ಓದಿ ಹೇಳತಕ್ಕದ್ದು. ನಡುವೆ ನಗತಕ್ಕದ್ದಲ್ಲ.)

ವಿಷಯ: ಚಿತ್ರದಾಟದಿಂದ ನನ್ನನ್ನು ಹೊರಹಾಕಿದ ಆದೇಶವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರದ ತಮ್ಮ ಮೌಖಿಕ ಆದೇಶ, "ಅಪ್ಪ ಆಟಕ್ಕೆ ಬೇಡ." (ಆದೇಶವು ಸ್ವೀಡಿಷ್‌ನಲ್ಲಿದ್ದ ಕಾರಣ, ಸೋಮವಾರ ಆಫೀಸಿನಲ್ಲಿ ಫಿಕಾ ಎಂಬ ವಿರಾಮದಲ್ಲಿ ಕಾಫಿ ಕುಡಿಯುತ್ತ ಸಹೋದ್ಯೋಗಿಯೊಬ್ಬರಿಂದ ಅರ್ಥ ಖಚಿತಪಡಿಸಿಕೊಳ್ಳಲಾಗಿದೆ. ಬೇರೆ ಅರ್ಥವಿಲ್ಲವಂತೆ.)

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾನು ಒಂಬತ್ತು ವರ್ಷಗಳಿಂದ ತಮ್ಮ ತಂದೆಯ ಹುದ್ದೆಯಲ್ಲಿದ್ದು, ತಮ್ಮ ಅವಗಾಹನೆಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಮ್ಮ ಶಾಲೆಯ ಚಿತ್ರಕಲೆ ಟೀಚರ್ ಗುನಿಲ್ಲಾ ಅವರು (ಮೇಡಂ ಎನ್ನಬಾರದೆಂದು ಅವರೇ ಮೂರು ಸಲ ಹೇಳಿರುವ ಕಾರಣ ಹೆಸರು ಹಿಡಿದೇ ಬರೆದಿದ್ದೇನೆ) ಮಕ್ಕಳು ಕಲೆಯನ್ನು ಆಡುತ್ತ ಕಲಿಯಲೆಂದು ಡಬ್ಬಿಯೊಂದನ್ನು ಮನೆಗೆ ಕಳಿಸಿದರು. ಅದರಲ್ಲಿ ಹಳೆಯ ಚಿತ್ರಗಳ ನಲವತ್ತು ಕಾರ್ಡು, ಒಂದು ದಾಳ. ದಾಳದ ಮೇಲೆ ಪ್ರಶ್ನೆಗಳು: ಇಲ್ಲಿ ಯಾವ ಸದ್ದು ಕೇಳುತ್ತದೆ, ಈಗಷ್ಟೇ ಯಾರು ಹೊರಗೆ ಹೋದರು, ಇತ್ಯಾದಿ. ಮನಸ್ಸಿಗೆ ತೋಚಿದ್ದನ್ನು ಹೇಳಬೇಕು. ನಾನು ಕಾರ್ಡಿನ ಹಿಂಬದಿ ನೋಡಿದೆ, ಡಬ್ಬಿಯ ತಳ ನೋಡಿದೆ. ಸರಿಯುತ್ತರ ಎಲ್ಲಿಯೂ ಇರಲಿಲ್ಲ.

2. ನಾನು ಜಯನಗರದ ಟ್ಯೂಷನ್‌ಗಳಲ್ಲಿ ಬೆಳೆದವನಾದ ಕಾರಣ, ಸರಿಯುತ್ತರವಿಲ್ಲದ ಪ್ರಶ್ನೆಯನ್ನು ಜೀವಮಾನದಲ್ಲಿ ಕಂಡಿರದ ಕಾರಣ, ಮತ್ತು ಪಕ್ಕದ ಮನೆಯ ಮಹೀನ್ ಕೂಡ ಅದೇ ತರಗತಿಯಲ್ಲಿರುವ ಕಾರಣ, ನಾನೇ ಒಂದು ಗೈಡ್ ತಯಾರಿಸಿದೆ. ಕಲಾವಿದ, ಇಸವಿ, ಬಣ್ಣದ ಬಗೆ, ಉದ್ದಗಲ. ತಾವು ಎರಡು ವಾರ ಬಾಯಿಪಾಠ ಮಾಡಿ ನಲವತ್ತಕ್ಕೆ ನಲವತ್ತೂ ಒಪ್ಪಿಸಿದಿರಿ. ಆ ಖುಷಿಗೆ ಬೆಂಗಳೂರಿಗೆ ಫೋನ್ ಮಾಡಿದೆ.

3. ತರಗತಿಯಲ್ಲೂ ಇದೇ ಆಟ ನಡೆದಾಗ ತಮ್ಮ ಸರದಿಗೆ ಹದಿನೇಳನೇ ಕಾರ್ಡು ಬಂತು. ಖಾಲಿ ಕೋಣೆ, ತೆರೆದ ಬಾಗಿಲು. ಯಾರು ಹೊರಗೆ ಹೋದರು ಎಂದಿತು ದಾಳ. ಅಜ್ಜಿ ಬೆಕ್ಕನ್ನು ಹುಡುಕಲು ಹೋಗಿದ್ದಾಳೆ ಎಂದು ಮಹೀನ್ ಆಗಲೇ ಪಿಸುಗುಟ್ಟುತ್ತಿದ್ದಳು. ತಾವು ಎದ್ದು ನಿಂತು (ಆ ಶಾಲೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ) "ತೈಲವರ್ಣ, ಅಗಲ ಎಪ್ಪತ್ತು ಸೆಂಟಿಮೀಟರ್" ಎಂದಿರಿ. ಗುನಿಲ್ಲಾ ಮತ್ತೆ ಕೇಳಿದಾಗ, "ಅಪ್ಪ ಅದನ್ನ ಹೇಳ್ಕೊಟ್ಟಿಲ್ಲ" ಎಂದಿರಿ.

ಇದನ್ನು ಅವರು ಪೋಷಕರ ಭೇಟಿಯಲ್ಲಿ ಮೆಲ್ಲಗೆ ತಿಳಿಸಿದರು. ನಾನು ಎಲ್ಲವನ್ನೂ ಗಮನವಿಟ್ಟು ಕೇಳಿ, "ಹಾಗಾದರೆ ಇವಳಿಗೆ ಎಷ್ಟನೇ ರ್‍ಯಾಂಕ್?" ಎಂದು ವಿಚಾರಿಸಿದೆ. ರ್‍ಯಾಂಕ್ ಇಲ್ಲ ಎಂದರು. "ಅಂದಾಜು?" ಎಂದೆ. ಮೂಲಕದ ಅಧಿಕಾರಿಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

4. ಭಾನುವಾರ ತಾವು ತೆರೆದ ಬಾಗಿಲಿನ ಕೋಣೆಯೊಂದರ ಚಿತ್ರ ಬರೆದು ತಂದು, "ಅಪ್ಪಾ, ಇದು ಸರೀನಾ?" ಎಂದಿರಿ. ಹಸಿರು ಹಸು, ಮೂರು ಕಣ್ಣಿನ ಮೆಟ್ರೋ ರೈಲು ಬರೆಯುತ್ತಿದ್ದ ಕಾಲದಲ್ಲಿ ತಾವು ಹೀಗೆ ಕೇಳಿದವರೇ ಅಲ್ಲ. ನನ್ನ ತಲೆಗೆ ಅದು ಹೊಳೆಯಲಿಲ್ಲ. ತಪ್ಪು ಹುಡುಕುವುದೇ ಕಸುಬಾದ ಕಾರಣ ಕೆಂಪು ಪೆನ್ನು ತೆಗೆದು ಚಿತ್ರದ ಮೇಲೆಯೇ ಬರೆದೆ: ಬಾಗಿಲು ಗೋಡೆಗಿಂತ ಎತ್ತರ. ದೊಡ್ಡ ಶೂ ಒಂದೇ ಕಾಲಿನದು. ಕೋಣೆಯಲ್ಲಿ ಮನುಷ್ಯರಿಲ್ಲ, ಅಪೂರ್ಣ.

ಆಗ ತಾವು ಕನ್ನಡದಲ್ಲಿ, ನನಗೆ ಪೂರ್ತಿ ಅರ್ಥವಾಗುವ ಹಾಗೆ ಹೇಳಿದಿರಿ: "ಹೊರಗೆ ಹೋಗಿರೋದು ನೀನೇ. ವಾಪಸ್ ಬರ್ತೀಯ ಅಂತ ಬಾಗಿಲು ತೆಗ್ದಿಟ್ಟಿದ್ದೆ."

ಆಮೇಲೆ ಉಲ್ಲೇಖಿತ ಆದೇಶ ಹೊರಬಿತ್ತು. ಅಂದಿನಿಂದ ತಮ್ಮ ಬಣ್ಣದ ಪೆನ್ಸಿಲ್‌ಗಳು ಇಟ್ಟಲ್ಲೇ ಇವೆ, ದಿನಾ ನೋಡುತ್ತಿದ್ದೇನೆ. ನನಗೆ ನಾಚಿಕೆಯಾಗಿದೆ, ಹೆದರಿಕೆಯೂ ಆಗಿದೆ.

5. ಗೈಡನ್ನು ಕಮ್ಯೂನಿನ (ಇಲ್ಲಿಯ ನಗರಸಭೆಯ) ನಿಯಮದಂತೆ ಪಿನ್ನು ಬೇರೆ, ಕಾಗದ ಬೇರೆ ಮಾಡಿ ಕಸಕ್ಕೆ ಹಾಕಲಾಗಿದೆ. ಮಹೀನ್ ಜೊತೆ ಹೋಲಿಸುವುದನ್ನು ಮಂಗಳವಾರದಿಂದ ನಿಲ್ಲಿಸಲಾಗಿದೆ. ಬುಧವಾರ ಒಮ್ಮೆ ಬಾಯಿ ತಪ್ಪಿತು.

ಆದ್ದರಿಂದ, ನನ್ನನ್ನು ಕೊನೆಯ ಸರದಿಗಾದರೂ ಆಟಕ್ಕೆ ಸೇರಿಸಿಕೊಂಡು, ಹದಿನೇಳನೇ ಕಾರ್ಡನ್ನು ನನಗೇ ಕೊಡಬೇಕಾಗಿ ಪ್ರಾರ್ಥನೆ. ಮಿಕ್ಕ ಮೂವತ್ತೊಂಬತ್ತಕ್ಕೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ತಾವು ಹೇಳುವುದನ್ನು ಕೂತು ಕೇಳುತ್ತೇನೆ.

ಸದ್ಯ ಆಟದ ಹೊರಗಿರುವ,
ತಮ್ಮ ವಿಶ್ವಾಸಿ,
ಗೋಪೀನಾಥ (ಅಪ್ಪ)

ಲಗತ್ತುಗಳು:
1. ಕೆಂಪು ಪೆನ್ನು, ಒಂದು. ಹಿಂದಿರುಗಿಸಬೇಕಾಗಿಲ್ಲ.
2. ತಮ್ಮ ಚಿತ್ರ. ಕೆಂಪು ಶಾಯಿಯನ್ನು ಬಿಳಿ ಬಣ್ಣ ಹಚ್ಚಿ ಕೈಲಾದಷ್ಟು ಮುಚ್ಚಲಾಗಿದೆ. ಬಾಗಿಲನ್ನು ಮುಟ್ಟಿಲ್ಲ.

ವಿ.ಸೂ.: ಸದರಿ ಬಾಗಿಲು ಇನ್ನೂ ತೆರೆದೇ ಇರುವ ಕಾರಣ, ಶೂ ಬಿಡುವ ಜಾಗದಲ್ಲಾದರೂ ಸರಿ, ನನ್ನನ್ನು ಚಿತ್ರದೊಳಗೆ ಬರೆದುಕೊಳ್ಳಬೇಕಾಗಿ ವಿನಂತಿ. ಅಳತೆ ತಪ್ಪಿದರೂ ಅಡ್ಡಿಯಿಲ್ಲ.