ಲಂಡನ್ ತಗಡು

ಬಣಕಲ್ಲಿನ ಮೆಕ್ಯಾನಿಕ್ ನಸರುಲ್ಲಾನ ಮಾನ ಹೋದದ್ದು ನಾಲ್ಕು ರಿವೆಟ್ ತೂತುಗಳಿಂದ.

ಹದಿನೆಂಟು ವರ್ಷದ ಹಿಂದೆ ಅವನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವೊಂದನ್ನು ಸ್ವಂತ ಬುದ್ಧಿಯಿಂದ ಕಟ್ಟಿದ್ದ. ಜೀಪಿನ ಕ್ಲಚ್ ಸ್ಪ್ರಿಂಗ್ ಹಾಕಿದ್ದರಿಂದ, ಹಣ್ಣು ಸಣ್ಣದಿರಲಿ ದೊಡ್ಡದಿರಲಿ, ಬೀಜಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ. ಆದರೆ ಬಣಕಲ್ಲಿನಲ್ಲಿ ಹುಟ್ಟಿದ ಯಂತ್ರವನ್ನು ಯಾವ ಎಸ್ಟೇಟಿನವರೂ ಮೂಸಿ ನೋಡಲಿಲ್ಲ. ಕೊನೆಗೆ ಗುಜರಿಯಲ್ಲಿ ಸಿಕ್ಕ 'ಲಂಡನ್, 1911' ಎಂಬ ಹಿತ್ತಾಳೆ ತಗಡನ್ನು ನಾಲ್ಕು ರಿವೆಟ್ ಹೊಡೆದು ಅದಕ್ಕೆ ಕೂರಿಸಿದ. ಬಾಳೂರಿನ ಪ್ಲಾಂಟರ್ ಓಂಕಾರಪ್ಪನವರು ಮಾರನೇ ದಿನವೇ ಬಂದು ಒಯ್ದರು.

ಈಗ, 2002ರ ಕೊಯ್ಲಿನ ಕಾಲಕ್ಕೆ, ಮೂಡಿಗೆರೆಯಲ್ಲಿ 'ನಾಡಿನ ಕೈಗಾರಿಕೆ, ನಾಡಿನ ಜಾಣ್ಮೆ' ಎಂಬ ಪ್ರದರ್ಶನ. ಗೆದ್ದ ಯಂತ್ರ, ಮಾಡಿದವನ ಹೆಸರಿನ ಸಮೇತ, ಬೆಂಗಳೂರಿನ ಮ್ಯೂಸಿಯಮ್ಮಿಗೆ ಹೋಗುತ್ತದಂತೆ. ನಸರುಲ್ಲಾನ ಹೆಸರು ಅಲ್ಲಿಯವರೆಗೆ ಅಚ್ಚಾಗಿದ್ದದ್ದು ಮತದಾರರ ಪಟ್ಟಿಯಲ್ಲಿ ಮಾತ್ರ. ಅಲ್ಲೂ ತಪ್ಪಾಗಿತ್ತು.

ಪ್ರದರ್ಶನದ ದಿನ ಬೆಳಗ್ಗೆಯೇ ಬಾಳೂರಿಗೆ ಹೋಗಿ ಓಂಕಾರಪ್ಪನವರಲ್ಲಿ ತಪ್ಪೊಪ್ಪಿಕೊಂಡು ಯಂತ್ರ ಕೇಳಿದ.

"ಏನು, ಇದು ಲಂಡನ್ನಿಂದಲ್ವಾ? ಬೀಗರಿಗೆಲ್ಲ ತೋರ್ಸಿ ಜಂಬ ಕೊಚ್ಕಂಡಿದೀನಲ್ಲೋ ಮಾರಾಯ!" ಎಂದು ಅವರು ತಲೆ ಹಿಡಿದುಕೊಂಡರು. "ಆಗ್ಲಿ, ತಗಂಡ್ ಹೋಗು. ನಾನೂ ಬರ್ತೀನಿ."

ಯಂತ್ರ ಹೇರಿದ ಜೀಪು ಬಣಕಲ್ಲಿನ ಗ್ಯಾರೇಜಿಗೆ ಬಂದೊಡನೆ ಪಕ್ಕದ ಹೋಟೆಲಿನ ಕಲ್ಲಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಾಬ್ರೇ, ಆ ತಗಡು ಕಿತ್ತಾಕಿ, ಅಲ್ಲೇ ನಿಮ್ಮ ಹೆಸ್ರು ಬರೀರಿ. ಕೆಂಪಗೆ ಬರೀರಿ, ದೂರಕ್ಕೆ ಕಾಣ್ಲಿ!"

ನಸರುಲ್ಲಾ ತಗಡು ಕಿತ್ತು ಜೇಬಿಗೆ ಹಾಕಿಕೊಂಡು ಹಾಗೇ ಬರೆದ. ನೋಡಿ ಕಣ್ಣು ಒದ್ದೆಯಾಯಿತು.

ಮೂಡಿಗೆರೆಯಲ್ಲಿ ಯಂತ್ರ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಬೆಂಗಳೂರಿನ ತೀರ್ಪುಗಾರರು ಬೀಜಗಳನ್ನು ಅಂಗೈಯಲ್ಲಿ ಹೊರಳಿಸಿ, "ಒಂದೂ ಗಾಯವಿಲ್ಲ!" ಎಂದು ಬೆರಗಾದರು. ಆಮೇಲೆ ತೂತುಗಳು ಕಂಡವು. "ಇಲ್ಲೇನಿತ್ತು?"

"ತಗಡಿತ್ತು ಸಾರ್," ಎಂದಳು ಜೊತೆಗೆ ಬಂದಿದ್ದ ಕಲ್ಲಮ್ಮ, ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ. "ಸಾಬ್ರ ಜೇಬಲ್ಲೇ ಐತೆ."

ತೀರ್ಪುಗಾರರು ತಗಡು ಓದಿ ಕೆಂಪಾದರು. "ಇಂಥ ಹಳೇ ಯಂತ್ರಕ್ಕೆ ನಿಮ್ಮ ಹೆಸರು ಬಳಿದಿದೀರಾ?"

"ತಗಡೇ ಸುಳ್ಳು ಸಾರ್! ಯಂತ್ರ ನಂದೇ. ಬೇಕಾದ್ರೆ ಒಳಗ್ ನೋಡಿ, ಜೀಪಿನ ಸ್ಪ್ರಿಂಗ್ ಹಾಕಿದೀನಿ!" ನಸರುಲ್ಲಾ ಬೋಲ್ಟು ಬಿಚ್ಚಿ ತೋರಿಸಿಯೇ ಬಿಟ್ಟ.

"ಅಯ್ಯೋ, ಲಂಡನ್ ಯಂತ್ರದ ಹೊಟ್ಟೇಲಿ ಜೀಪಿನ ಸ್ಪ್ರಿಂಗ್ ತುರುಕಿ ಹಾಳು ಮಾಡಿದೀರಲ್ರೀ!"

ನಸರುಲ್ಲಾ ಓಂಕಾರಪ್ಪನವರತ್ತ ತಿರುಗಿದ. "ಸಾವ್ಕಾರ್ರೇ, ನೀವಾದ್ರೂ ಹೇಳಿ."

ಓಂಕಾರಪ್ಪನವರು ಸುತ್ತ ನೋಡಿದರು. ಮುಂದಿನ ಸಾಲಿನಲ್ಲೇ ಬೀಗರು ಕೂತಿದ್ದರು. "ನಮ್ಮಪ್ಪನ ಕಾಲದ್ದು ಸಾರ್. ಇವ್ರು ಆಗಾಗ ರಿಪೇರಿ ಮಾಡೋರು, ಅಷ್ಟೆ."

ಪರಂಪರೆ ಕಾಪಾಡಿದ್ದಕ್ಕೆ ಬಹುಮಾನ ಓಂಕಾರಪ್ಪನವರಿಗೆ ಹೋಯಿತು. ತಗಡನ್ನು ಮೊದಲಿನ ಜಾಗಕ್ಕೇ ಕೂರಿಸಬೇಕೆಂದು ಅಪ್ಪಣೆಯಾಯಿತು. ರಿವೆಟ್ ಹೊಡೆಯಲು ಬರುತ್ತಿದ್ದವನು ಅಲ್ಲಿ ನಸರುಲ್ಲಾ ಒಬ್ಬನೇ. ಹೆಸರಿನ ಬಣ್ಣ ಇನ್ನೂ ಒಣಗಿರಲಿಲ್ಲ. ತಗಡಿನ ಅಂಚಿನಿಂದ ಹೊರಗೆ ಜಿನುಗಿದ ಕೆಂಪನ್ನು ಅವನೇ ಬಟ್ಟೆಯಿಂದ ಒರೆಸಿದ.

ವಾಪಸು ಬರುವಾಗ ಓಂಕಾರಪ್ಪನವರು ಜೀಪಿನಲ್ಲಿ ಅವನ ಭುಜ ತಟ್ಟಿದರು. "ಬೇಜಾರ್ ಮಾಡ್ಕಬೇಡ ಮಾರಾಯ. ಯಂತ್ರವೇನೋ ಮ್ಯೂಸಿಯಮ್ಮಿಗೆ ಹೋಯ್ತು, ನನ್ನ ಹಣ್ಣು ಕೊಳೀತದಲ್ಲ? ಬೇಗ ಇನ್ನೊಂದು ಮಾಡ್ಕೊಡು. ಆದ್ರೆ ಲಂಡನ್ನಿಂದೇ ಆಗ್ಬೇಕು, ಬೀಗರು ನೋಡ್ತಾರೆ."

ನಸರುಲ್ಲಾ ಕೈಗಂಟಿದ್ದ ಕೆಂಪು ಬಣ್ಣವನ್ನು ಬಟ್ಟೆಗೆ ಉಜ್ಜಿಕೊಂಡ.

"ಯಾವ ಇಸವಿ ಹಾಕ್ಲಿ ಸಾವ್ಕಾರ್ರೇ?" ಎಂದು ಕೇಳಿದ.